ಎತ್ತರದ ಸೆಂಟರ್‌ನನ್ನು ಕೂರಿಸಿ ಐವರು ಗಿಡ್ಡರನ್ನು ಇಳಿಸಿದ್ದು ತಪ್ಪೇ? (ದುರ್ಗದ ಪಂದ್ಯದ ಕುರಿತು)

ಬಿ_ಬ್ಲಾಕ್_ಬೆಂಚು:

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಚಿತ್ರದುರ್ಗದಲ್ಲಿ ನಡೆದ ಸ್ನೇಹಪರ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಮ್ಮ ದಾವಣಗೆರೆಯ ಬಡಾವಣೆ ತಂಡವು 61-68ರಿಂದ ಸೋತಿತು. ಸೋಲು ನಮಗೆ ಹೊಸದಲ್ಲ. ಆದರೆ ಈ ಸೋಲಿಗೆ ನಾನೇ ಕಾರಣ ಎಂಬುದನ್ನು ನಮ್ಮ ಹುಡುಗರು ಬಸ್ಸಿನಲ್ಲಿ ಭರಮಸಾಗರ ದಾಟುವವರೆಗೂ ಒಂದು ಮಾತನ್ನೂ ಆಡದೆಯೇ ನನಗೆ ತಿಳಿಸಿದರು. ಆದ್ದರಿಂದ ಬಲ್ಲವರನ್ನು ಕೇಳಿಬಿಡೋಣ ಎಂದು ಬರೆಯುತ್ತಿದ್ದೇನೆ.

ಮೊದಲಾರ್ಧ ಮುಗಿದಾಗ ನಾವು 36-31ರಿಂದ ಮುಂದಿದ್ದೆವು. ನಮ್ಮ ಸೆಂಟರ್, ಅಂದರೆ ರಿಂಗಿನ ಬಳಿ ಆಡುವ ಎತ್ತರದವನು, ಆರು ಅಡಿ ಮೂರು ಅಂಗುಲದ ಹುಡುಗ. ಓಟ ನಿಧಾನ, ಆದರೆ ಬೋರ್ಡಿನ ಕೆಳಗೆ ಗಟ್ಟಿ. ಅವನ ಮೇಲೆ ಆಗಲೇ ಮೂರು ಫೌಲ್ ಬಿದ್ದಿದ್ದವು. ಎದುರಾಳಿಯ ಸೆಂಟರ್ ಅವನಿಗಿಂತ ಎರಡು ಅಂಗುಲ ಎತ್ತರ. ಹೊರಗಿನಿಂದ ನಮ್ಮ ಹುಡುಗರು 13 ಎಸೆತಗಳಲ್ಲಿ 6 ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕುವ ಮೂರು ಅಂಕದ ಬುಟ್ಟಿ) ಹಾಕಿದ್ದರು. ಹೀಗಾಗಿ ಮೂರನೆಯ ಕ್ವಾರ್ಟರ್ ಆರಂಭದಲ್ಲಿ ಸೆಂಟರ್‌ನನ್ನು ಕೂರಿಸಿ, ಎಲ್ಲರೂ ಹೊರಗಿನಿಂದ ಎಸೆಯಬಲ್ಲ ಐವರನ್ನು ಇಳಿಸಿದೆ. ಅವರ ಸೆಂಟರ್ ನಮ್ಮ ಎಸೆಗಾರನನ್ನು ಬೆನ್ನಟ್ಟಿ ಹೊರಗೆ ಬರಲೇಬೇಕಾಗುತ್ತದೆ, ಆಗ ರಿಂಗಿನ ಕೆಳಗೆ ಜಾಗ ತೆರೆಯುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಮೊದಲ ನಾಲ್ಕು ನಿಮಿಷ ಎಲ್ಲವೂ ಹಾಗೆಯೇ ನಡೆದು ಅಂತರ ಹನ್ನೆರಡಕ್ಕೆ ಏರಿತು. ಅನಂತರ ಅವರು ಟೈಮ್ ಔಟ್ ತೆಗೆದುಕೊಂಡರು, ಅಲ್ಲಿಂದ ಮುಂದೆ ನಾವು ಮೇಲೇಳಲಿಲ್ಲ. ನನ್ನ ನಿರ್ಧಾರವೇ ತಪ್ಪೇ, ಅಥವಾ ನಿರ್ಧಾರ ಸರಿಯಿದ್ದು ನಡೆಸಿದ ರೀತಿ ತಪ್ಪೇ?

ಮಂಡಕ್ಕಿ_ಮೆಣಸಿನಕಾಯಿ:

ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ಎಷ್ಟು ಹಾಕಿದಿರಿ ಎಂಬುದನ್ನು ಮಾತ್ರ ಬರೆದಿಲ್ಲವಲ್ಲ ಸರ್?

ಬಿ_ಬ್ಲಾಕ್_ಬೆಂಚು:

17ರಲ್ಲಿ 8. ಆ ವಿಷಯಕ್ಕೆ ಬೇರೆಯೇ ಚರ್ಚೆ ಬೇಕು.

ಮಂಡಕ್ಕಿ_ಮೆಣಸಿನಕಾಯಿ:

ಒಂಬತ್ತು ತಪ್ಪಿಸಿ ಏಳರಿಂದ ಸೋತವರಿಗೆ ಬೇರೆ ಚರ್ಚೆಯ ಅಗತ್ಯವೇನೂ ನನಗೆ ಕಾಣುತ್ತಿಲ್ಲ.

ಬೆಳಗಿನ_ಆರೂವರೆ:

ನಿಮ್ಮ ತಲೆಯಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 2015ರ ಫೈನಲ್ಸ್ ಇತ್ತು ಎಂದು ನನಗೆ ಅನಿಸುತ್ತದೆ, ಏಕೆಂದರೆ ಈ ಪ್ರಯೋಗ ಮಾಡುವವರೆಲ್ಲರ ತಲೆಯಲ್ಲೂ ಅದೇ ಇರುತ್ತದೆ. ಕ್ಲೀವ್‌ಲ್ಯಾಂಡ್ ಎದುರು ಗೋಲ್ಡನ್ ಸ್ಟೇಟ್ 1-2ರಿಂದ ಹಿಂದಿತ್ತು. ನಾಲ್ಕನೆಯ ಪಂದ್ಯಕ್ಕೆ ಕೋಚ್ ಸ್ಟೀವ್ ಕರ್ ಅವರು ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿ ಆಂಡ್ರೆ ಇಗುಡಾಲಾನನ್ನು ಮೊದಲ ಐವರಲ್ಲಿ ಇಳಿಸಿದರು, ಡ್ರೇಮಂಡ್ ಗ್ರೀನ್ ಸೆಂಟರ್ ಆದ. ಆ ಪಂದ್ಯವನ್ನು 103-82ರಿಂದ ಗೆದ್ದರು, ಮುಂದಿನ ಎರಡನ್ನೂ ಗೆದ್ದು ಸರಣಿಯನ್ನು 4-2ರಲ್ಲಿ ಮುಗಿಸಿದರು. ಆ ಇಡೀ ಲೀಗ್ ಋತುವಿನಲ್ಲಿ ಒಂದು ಪಂದ್ಯವನ್ನೂ ಮೊದಲ ಐವರಲ್ಲಿ ಆರಂಭಿಸದಿದ್ದ ಇಗುಡಾಲಾ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದ.

ಇದರಲ್ಲಿ ಎರಡು ಸಂಗತಿಗಳನ್ನು ಜನ ಮರೆಯುತ್ತಾರೆ. ಒಂದು, ಆ ಉಪಾಯ ಹೊಳೆದದ್ದು ಕರ್ ಅವರಿಗಲ್ಲ, ನಿಕ್ ಯುರೆನ್ ಎಂಬ ಅವರ ಕಿರಿಯ ಸಹಾಯಕನಿಗೆ. ಆತ ಹಿಂದಿನ ವರ್ಷದ ಫೈನಲ್ಸ್‌ನ ವಿಡಿಯೊ ನೋಡುತ್ತಿದ್ದಾಗ, ಸ್ಯಾನ್ ಆಂಟೋನಿಯೊ ತಂಡವು ಮೂರನೆಯ ಪಂದ್ಯದಿಂದ ಎತ್ತರದ ಸ್ಪ್ಲಿಟರ್ ಬದಲಿಗೆ ಬೋರಿಸ್ ಡಿಯಾವ್‌ನನ್ನು ಆರಂಭಕ್ಕೆ ಇಳಿಸಿ ಮಯಾಮಿಯನ್ನು ಮಣಿಸಿದ್ದು ಅವನ ಕಣ್ಣಿಗೆ ಬಿತ್ತು. ಎರಡು, ಹೊಸ ಐವರು ಇಳಿದ ಕೂಡಲೇ ಗೋಲ್ಡನ್ ಸ್ಟೇಟ್ 0-7ರಿಂದ ಹಿಂದೆ ಬಿತ್ತು. ಅಲ್ಲಿ ಕರ್ ಹೆದರಿ ಬೋಗಟ್‌ನನ್ನು ವಾಪಸ್ ಕರೆದಿದ್ದರೆ ಈ ಕಥೆಯನ್ನು ನಾವಿಂದು ಹೇಳುತ್ತಿರಲಿಲ್ಲ.

ತುಂಗಭದ್ರಾ_14:

ಬೋಗಟ್‌ಗೆ ಗಾಯವಾಗಿತ್ತು ಎಂಬ ಕಾರಣಕ್ಕೆ ಆ ಬದಲಾವಣೆಯಾಯಿತು ಎಂದು ನನ್ನ ನೆನಪು. ಅನಿವಾರ್ಯವಾಗಿ ಮಾಡಿದ್ದನ್ನು ಜಾಣತನವೆಂದು ಹೊಗಳುವುದು ಎನ್‌ಬಿಎ ಅಭಿಮಾನಿಗಳ ಹಳೆಯ ಅಭ್ಯಾಸ.

ಬೆಳಗಿನ_ಆರೂವರೆ:

ತಾವು ಎರಡು ವರ್ಷಗಳನ್ನು ಬೆರೆಸುತ್ತಿದ್ದೀರಿ. ಬೋಗಟ್ ಗಾಯಗೊಂಡದ್ದು 2016ರ ಫೈನಲ್ಸ್‌ನ ಐದನೆಯ ಪಂದ್ಯದಲ್ಲಿ. 2015ರಲ್ಲಿ ಆತ ಆಡಲು ಸಿದ್ಧನಾಗಿಯೇ ಬೆಂಚಿನ ಮೇಲೆ ಕುಳಿತಿದ್ದ. ಗಾಯದ ಕಾಟವಿದ್ದದ್ದು ಕ್ಲೀವ್‌ಲ್ಯಾಂಡ್‌ಗೆ; ಕೆವಿನ್ ಲವ್ ಅದಕ್ಕೂ ಮೊದಲೇ ಹೊರಗಿದ್ದ, ಕೈರಿ ಇರ್ವಿಂಗ್ ಮೊದಲ ಪಂದ್ಯದಲ್ಲೇ ಬಿದ್ದ.

ತುಂಗಭದ್ರಾ_14:

ಸರಿ, ಒಪ್ಪಿದೆ. 2016 ಎಂಬುದು ಈಗ ನೆನಪಾಯಿತು. ಆದರೂ ಹೊಗಳಿಕೆ ಹೆಚ್ಚಾಯಿತು ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಕೋಟೆ_ಕಾವಲು:

ನಾನು ಆ ದಿನ ಎದುರಿನ ಬೆಂಚಿನ ಹಿಂದೆ ಕುಳಿತಿದ್ದವನು. ದುರ್ಗದವರು ಏನೋ ಭಾರಿ ತಂತ್ರ ಹೂಡಿದರು ಎಂದು ಅಣ್ಣನವರು ಭಾವಿಸುವುದು ಬೇಡ. ಆ ಟೈಮ್ ಔಟಿನಲ್ಲಿ ನಮ್ಮ ಕೋಚ್ ಹೇಳಿದ್ದು ಎರಡೇ ಮಾತು: "ದೊಡ್ಡವನನ್ನು ನಾನು ಹೊರಗೆ ಕರೆಯುವುದಿಲ್ಲ. ಅವನು ಯಾರ ಹಿಂದೆಯೂ ಓಡಬೇಕಾಗಿಲ್ಲ." ಅಲ್ಲಿಂದ ನಾವು 2-3 ಝೋನ್‌ಗೆ, ಅಂದರೆ ಆಟಗಾರನನ್ನಲ್ಲದೆ ಜಾಗವನ್ನು ಕಾಯುವ ರಕ್ಷಣೆಗೆ, ಬದಲಾದೆವು. ಮುಂದೆ ಇಬ್ಬರು, ಹಿಂದೆ ಮೂವರು, ನಡುವೆ ನಮ್ಮ ಸೆಂಟರ್ ರಿಂಗಿನ ಕೆಳಗೆ ದೀಪಸ್ತಂಭದಂತೆ ನಿಂತ.

ಅದಕ್ಕೂ ಹಿನ್ನೆಲೆಯಿದೆ. ಆರೂವರೆಯವರು ಹೇಳಿದ ಅದೇ 2015ರ ನಾಲ್ಕನೆಯ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್‌ನ ಸೆಂಟರ್ ಮೋಜ್‌ಗೊವ್ 28 ಅಂಕ ಹಾಕಿದ್ದ. ತಂಡ ಸೋತಿತ್ತು, ಆದರೆ ಅವನನ್ನು ತಡೆಯಬಲ್ಲ ಎತ್ತರ ಎದುರಿಗಿರಲಿಲ್ಲ. ಹಾಗಿದ್ದೂ ಐದನೆಯ ಪಂದ್ಯದಲ್ಲಿ ಅವನನ್ನು ಆಡಿಸಿದ್ದು ಕೇವಲ ಒಂಬತ್ತು ನಿಮಿಷ. ಕೋಚ್ ಡೇವಿಡ್ ಬ್ಲಾಟ್ ಎದುರಾಳಿಯ ಗಿಡ್ಡ ಐವರಿಗೆ ಸರಿಸಮನಾಗಿ ತಾವೂ ಗಿಡ್ಡರನ್ನು ಇಳಿಸಲು ಹೋದರು. ಅವರ ತಾರೆ ಲೆಬ್ರಾನ್ 40 ಅಂಕ ಹಾಕಿದರೂ ಸೋತರು. ಎದುರಾಳಿ ತನ್ನ ಮನೆಗೆ ಕರೆದರೆಂದು ನಾವು ನಮ್ಮ ಮನೆ ಬಿಟ್ಟು ಹೋಗಬಾರದು ಎಂದು ನಮ್ಮ ಕೋಚ್ ಈ ಪ್ರಸಂಗವನ್ನು ಹುಡುಗರಿಗೆ ನೂರು ಸಲ ಹೇಳಿದ್ದಾರೆ; ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ.

ಹಳೆಯ_ಸೀಟಿ:

ಮೂವತ್ತು ವರ್ಷ ಸೀಟಿ ಊದಿದವನಾಗಿ ನಿಯಮದ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಏಕೆಂದರೆ ಮೂಲ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಇದೆ.

ಟಿವಿಯಲ್ಲಿ ನೋಡಿದ ಎನ್‌ಬಿಎ ಆಟವನ್ನು ನಮ್ಮ ಅಂಗಳಕ್ಕೆ ಹಾಗೆಯೇ ಎತ್ತಿ ತಂದರೆ ಅದು ಕಾಲು ಮುರಿದುಕೊಳ್ಳುತ್ತದೆ. ಎನ್‌ಬಿಎಯಲ್ಲಿ ರಕ್ಷಣೆ ಮಾಡುವ ಆಟಗಾರನು ಯಾರನ್ನೂ ಹತ್ತಿರದಿಂದ ಕಾಯದೆ ರಿಂಗಿನ ಮುಂದಿನ ಬಣ್ಣದ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ನಿಂತರೆ ಎದುರಾಳಿಗೆ ಫ್ರೀ ಥ್ರೋ. ಆದ್ದರಿಂದ ಐವರೂ ಹೊರಗಿನಿಂದ ಎಸೆಯುವವರಾದರೆ ಎದುರಾಳಿಯ ದೊಡ್ಡವನು ಹೊರಗೆ ಬಾರದೆ ಗತಿಯಿಲ್ಲ. ನಾವು ಆಡುವುದು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಲ್ಲಿ. ಇಲ್ಲಿ ಮೂರು ಸೆಕೆಂಡಿನ ಕಟ್ಟು ದಾಳಿ ಮಾಡುವವರಿಗೆ ಮಾತ್ರ. ರಕ್ಷಣೆ ಮಾಡುವವನು ಹತ್ತು ನಿಮಿಷದ ಇಡೀ ಕ್ವಾರ್ಟರ್ ಅಲ್ಲೇ ನಿಂತರೂ ನಾನು ಸೀಟಿ ಊದುವ ಹಾಗಿಲ್ಲ. ಬೆಂಚಿನ ಅಣ್ಣನವರ ಲೆಕ್ಕದಲ್ಲಿ "ಬರಲೇಬೇಕಾಗುತ್ತದೆ" ಎಂಬ ಪದವಿದೆಯಲ್ಲ, ಇಡೀ ಪಂದ್ಯ ಆ ಒಂದು ಪದದ ಮೇಲೆ ನಿಂತಿತ್ತು. ನಮ್ಮ ನಿಯಮದಲ್ಲಿ ಅವನು ಬರಬೇಕಾಗಿಲ್ಲ.

ಬಿ_ಬ್ಲಾಕ್_ಬೆಂಚು:

ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಅವನು ಬಾರದಿದ್ದರೆ ನಮ್ಮವರಿಗೆ ಹೊರಗೆ ಖಾಲಿ ಎಸೆತ ಸಿಗಬೇಕಲ್ಲವೇ? ಸಿಕ್ಕಿತು ಕೂಡ. ಟೈಮ್ ಔಟಿನ ನಂತರ ಆ ಐವರು ಹನ್ನೆರಡು ತ್ರೀ ಪಾಯಿಂಟರ್ ಎಸೆದು ಒಂದನ್ನು ಹಾಕಿದರು. ಅವುಗಳಲ್ಲಿ ಎಂಟಾದರೂ ಯಾರ ಕೈಯೂ ಅಡ್ಡ ಬಾರದ ಎಸೆತಗಳು. ಮೊದಲಾರ್ಧದಲ್ಲಿ ಬಿದ್ದ ಚೆಂಡು ಆಮೇಲೆ ಏಕೆ ಬೀಳಲಿಲ್ಲ?

ಕೋಟೆ_ಕಾವಲು:

ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಆಷಾಢದ ಗಾಳಿ ಅಣ್ಣ. ನಮ್ಮದು ಬಯಲು ಅಂಗಳ, ಸಿಮೆಂಟಿನ ನೆಲ, ಸುತ್ತ ಗೋಡೆಯಿಲ್ಲ. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಮೊದಲಾರ್ಧದಲ್ಲಿ ನೀವು ಎಸೆದದ್ದು ಗಾಳಿ ಬೆನ್ನಿಗಿದ್ದ ರಿಂಗಿಗೆ. ನಿಯಮದಂತೆ ದ್ವಿತೀಯಾರ್ಧದಲ್ಲಿ ರಿಂಗ್ ಅದಲುಬದಲಾಯಿತು, ಗಾಳಿ ನಿಮ್ಮ ಮುಖಕ್ಕೆ ಬಂತು. ಆರೂವರೆ ಗಂಟೆಯ ಹೊತ್ತಿಗೆ ಅದು ಜೋರಾಗುತ್ತದೆ ಎಂಬುದು ಅಲ್ಲಿ ದಿನವೂ ಆಡುವವರಿಗೆ ಗೊತ್ತು. ಮೊದಲಾರ್ಧದಲ್ಲಿ ಆ ರಿಂಗ್ ನಮ್ಮ ಪಾಲಿಗಿದ್ದಾಗ ನಾವು ಹೊರಗಿನಿಂದ ಹೆಚ್ಚು ಎಸೆಯಲೇ ಇಲ್ಲ ಎಂಬುದನ್ನು ನೀವು ಗಮನಿಸಲಿಲ್ಲವೇ? ಐದು ಅಂಕದ ಹಿನ್ನಡೆಯಲ್ಲಿದ್ದರೂ ನಮ್ಮ ಬೆಂಚು ನಗುತ್ತಿತ್ತು.

ಮಂಡಕ್ಕಿ_ಮೆಣಸಿನಕಾಯಿ:

ಮದಕರಿ ನಾಯಕರ ಕಾಲದಿಂದಲೂ ದುರ್ಗದವರ ಪರ ಗುಡ್ಡವೇ ಅರ್ಧ ಯುದ್ಧ ಮಾಡುತ್ತದೆ.

ತುಂಗಭದ್ರಾ_14:

ಗಾಳಿಯನ್ನು ದೂರಿ ಪ್ರಯೋಜನವಿಲ್ಲ. ತಂಡವನ್ನು ಬದಲಿಸುವ ಮುನ್ನ ಅಂಗಳವನ್ನು ನೋಡಬೇಕಾದದ್ದು ಬೆಂಚಿನಲ್ಲಿ ಕುಳಿತವರ ಕೆಲಸ. ಹರಿಹರದಲ್ಲಿ ನಾವು ಆಡುವಾಗ ಸಂಜೆ ಐದರ ಬಿಸಿಲು ಯಾವ ರಿಂಗಿನ ಹಿಂದಿನಿಂದ ಬರುತ್ತದೆ ಎಂಬುದನ್ನು ನೋಡಿಯೇ ಎಸೆಗಾರರನ್ನು ಯಾವ ಅರ್ಧದಲ್ಲಿ ಹೆಚ್ಚು ಬಳಸಬೇಕೆಂದು ತೀರ್ಮಾನಿಸುತ್ತಿದ್ದೆವು. ಬೆಂಚಿನವರು ಒಳಾಂಗಣದ ತಂತ್ರವನ್ನು ಬಯಲಿನಲ್ಲಿ ಬಳಸಿದ್ದಾರೆ.

ಎಡಗೈ_ಗಾರ್ಡ್:

ಎಲ್ಲರೂ ಎಸೆತದ ಬಗ್ಗೆಯೇ ಮಾತನಾಡುತ್ತಿದ್ದೀರಿ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ನಿಮ್ಮ ಸೆಂಟರ್ ಬೆಂಚಿನಲ್ಲಿದ್ದಾಗ ಅವರ ಆರು ಅಡಿ ಐದು ಅಂಗುಲದವನನ್ನು ಯಾರು ಕಾಯುತ್ತಿದ್ದರು? ದ್ವಿತೀಯಾರ್ಧದಲ್ಲಿ ಅವರು ತಾವೇ ತಪ್ಪಿಸಿದ ಚೆಂಡನ್ನು ತಾವೇ ಎಷ್ಟು ಸಲ ಹಿಡಿದರು?

ಬಿ_ಬ್ಲಾಕ್_ಬೆಂಚು:

ಅಕ್ಕ, ಐದು ಅಡಿ ಹನ್ನೊಂದು ಅಂಗುಲದ ನಮ್ಮ ಫಾರ್ವರ್ಡ್ ಕಾಯುತ್ತಿದ್ದ, ಅವನೇ ನಮ್ಮ ಐವರಲ್ಲಿ ಎತ್ತರದವನು. ಹಾಗೆ ಅವರು ಹಿಡಿದ ಚೆಂಡು ಹನ್ನೊಂದು.

ಎಡಗೈ_ಗಾರ್ಡ್:

ಹನ್ನೊಂದು ಎಂದರೆ ಹನ್ನೊಂದು ಹೆಚ್ಚುವರಿ ದಾಳಿಗಳು. ಪ್ರತಿ ಸಲವೂ ಎಸೆತದ ಗಡುವಿನ ಗಡಿಯಾರ ಮತ್ತೆ 14 ಸೆಕೆಂಡಿಗೆ ಬರುತ್ತದೆ, ನಿಮ್ಮ ಹುಡುಗರು ಮತ್ತೆ ಅಷ್ಟು ಹೊತ್ತು ಆ ಭಾರವನ್ನು ಬೆನ್ನಿನಿಂದ ತಳ್ಳುತ್ತಾ ನಿಲ್ಲಬೇಕು. ಹೀಗೆ ತಳ್ಳಿದ ಕಾಲುಗಳೇ ಮರುಕ್ಷಣ ಆ ತುದಿಗೆ ಹೋಗಿ ತ್ರೀ ಪಾಯಿಂಟರ್ ಎಸೆಯಬೇಕು. ಎಸೆತಕ್ಕೆ ಬಲ ಬರುವುದು ಕಾಲಿನಿಂದ ಎಂಬುದು ಮೊದಲ ವಾರದ ಪಾಠ. ಗಾಳಿಯ ಪಾಲು ಇರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಆ ಹನ್ನೆರಡು ಎಸೆತಗಳಲ್ಲಿ ಎಷ್ಟು ರಿಂಗಿನ ಮುಂಭಾಗಕ್ಕೆ ಬಡಿದು ಬಿದ್ದವು ಎಂದು ವಿಡಿಯೊ ಇದ್ದರೆ ನೋಡಿ. ಮುಂಭಾಗಕ್ಕೆ ಬಡಿದ ಚೆಂಡು ದಣಿದ ಕಾಲಿನ ಗುರುತು.

ನಮ್ಮ ಕಾಲೇಜು ದಿನಗಳ ಒಂದು ಸಂಗತಿ ಹೇಳುತ್ತೇನೆ. ದಾವಣಗೆರೆಯಲ್ಲಿ ನಡೆದ ಒಂದು ಅಂತರ್ ಕಾಲೇಜು ಪಂದ್ಯಾವಳಿಯಲ್ಲಿ ನಮ್ಮ ಸೆಂಟರ್ ಹುಡುಗಿ ಜ್ವರದಿಂದ ಮಲಗಿದಳು. ಎದುರಾಳಿ ತಂಡದಲ್ಲಿ ನಮ್ಮೆಲ್ಲರಿಗಿಂತ ಒಂದು ತಲೆ ಎತ್ತರದವಳಿದ್ದಳು. ನಮ್ಮ ಕೋಚ್ ಅವಳ ಮೇಲೆ ನಮ್ಮಲ್ಲಿ ಎತ್ತರದವಳನ್ನು ಬಿಡಲಿಲ್ಲ. ಸೊಂಟ ಗಟ್ಟಿಯಿದ್ದ, ಗುಂಡುಗುಂಡಾಗಿದ್ದ ಒಬ್ಬಳನ್ನು ಬಿಟ್ಟರು. "ನೀನು ಚೆಂಡು ಹಿಡಿಯುವುದು ಬೇಡ. ಅವಳು ರಿಂಗಿನ ಹತ್ತಿರ ಬಾರದಂತೆ ಬೆನ್ನು ಕೊಟ್ಟು ನಿಲ್ಲು. ಚೆಂಡನ್ನು ಉಳಿದ ನಾಲ್ವರು ಹಿಡಿಯುತ್ತಾರೆ" ಎಂದರು. ನಾನು ಗಾರ್ಡ್ ಆಗಿದ್ದೂ ಆ ದಿನ ನನ್ನ ಜೀವನದಲ್ಲೇ ಅತಿ ಹೆಚ್ಚು ರಿಬೌಂಡ್ ಹಿಡಿದೆ. ಎಸೆತ ಗಾಳಿಯಲ್ಲಿದ್ದಾಗ ತಲೆಯೆತ್ತಿ ನೋಡುತ್ತಾ ನಿಂತವಳನ್ನು ಮರುನಿಮಿಷವೇ ಬೆಂಚಿಗೆ ಕರೆಯುತ್ತಿದ್ದರು. ನಾವು ಗೆದ್ದೆವು. ಗಿಡ್ಡ ಐವರನ್ನು ಇಳಿಸುವ ಮೊದಲು ಇಷ್ಟು ತಯಾರಿ ಬೇಕು. ಮೊದಲಾರ್ಧದ ವಿರಾಮದಲ್ಲಿ ನೀರು ಕುಡಿಯುತ್ತಾ ತೀರ್ಮಾನಿಸುವ ಸಂಗತಿ ಇದಲ್ಲ.

ಕಬಡ್ಡಿ_ಕಾರ್ನರ್:

ಕಬಡ್ಡಿಯಲ್ಲಿ ಅಂಗಳದಲ್ಲಿ ಮೂವರೇ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್ ಎಂದು ಒಂದು ಅಂಕ ಹೆಚ್ಚು. ಕಡಿಮೆ ಬಲದವರು ಸಾಹಸ ಮಾಡಿದರೆ ಪ್ರತಿಫಲವೂ ಇದೆ. ನಿಮ್ಮ ಆಟದಲ್ಲಿ ಗಿಡ್ಡರಿಗೆ ಅಂತಹ ರಿಯಾಯಿತಿ ಏನಾದರೂ ಇದೆಯೇ?

ಹಳೆಯ_ಸೀಟಿ:

ಇದೆ, 6.75 ಮೀಟರ್ ಗೆರೆಯ ಹೊರಗೆ. ಅಲ್ಲಿಂದ ಹಾಕಿದರೆ ಎರಡರ ಬದಲು ಮೂರು. ಹಾಕಬೇಕು ಅಷ್ಟೆ.

ತುಂಗಭದ್ರಾ_14:

ಫೌಲ್ ವಿಷಯಕ್ಕೆ ಬರೋಣ. ಸೆಂಟರ್‌ನ ಮೇಲೆ ಮೂರು ಫೌಲ್ ಇದ್ದವೆಂದು ಕೂರಿಸಿದ್ದೇ ಮೊದಲ ತಪ್ಪು ಎಂಬುದು ನನ್ನ ಅಭಿಪ್ರಾಯ. ಐದನೆಯದು ಬಿದ್ದರೆ ಅವನು ಹೊರಗೆ ಹೋಗುತ್ತಾನೆ ಎಂಬ ಭಯದಿಂದ ನಾವೇ ಅವನನ್ನು ಹದಿನೈದು ನಿಮಿಷ ಹೊರಗಿಟ್ಟರೆ ಎದುರಾಳಿಯ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಹೋದರೆ ಹೋಗಲಿ, ಹೋಗುವವರೆಗೂ ಆಡಲಿ.

ಎಡಗೈ_ಗಾರ್ಡ್:

ಇದನ್ನು ಒಪ್ಪಲಾರೆ. ಮೂರು ಫೌಲ್ ಹೊತ್ತ ಹುಡುಗ ಅಂಗಳದಲ್ಲಿದ್ದರೂ ಅರ್ಧ ಆಟಗಾರನಾಗುತ್ತಾನೆ; ಕೈ ಎತ್ತಲು ಹೆದರುತ್ತಾನೆ, ಅದನ್ನು ತಿಳಿದ ಎದುರಾಳಿ ಅವನ ಮೇಲೆಯೇ ನುಗ್ಗುತ್ತಾನೆ. ಅದಕ್ಕೆ ದಾರಿಯೆಂದರೆ ಅವನನ್ನು ಬೇರೊಬ್ಬನ ಮೇಲೆ ಬಿಡುವುದು. ಎದುರಾಳಿ ಐವರಲ್ಲಿ ರಿಂಗಿನತ್ತ ನುಗ್ಗದ ಒಬ್ಬನಾದರೂ ಇರುತ್ತಾನೆ. ನಿಮ್ಮ ಸೆಂಟರ್ ಅವನನ್ನು ಕಾಯಲಿ, ಅವರ ಸೆಂಟರ್‌ನನ್ನು ಗಟ್ಟಿಮುಟ್ಟಾದ ಬೇರೊಬ್ಬ ಕಾಯಲಿ. ಯಾರು ಆಡಬೇಕು ಎಂದು ನಾವೆಲ್ಲ ಗಂಟೆಗಟ್ಟಲೆ ಜಗಳವಾಡುತ್ತೇವೆ. ಯಾರು ಯಾರನ್ನು ಕಾಯಬೇಕು ಎಂಬುದನ್ನು ಮಾತ್ರ ಚೆಂಡು ಮೇಲೆ ಹಾರಿದ ಮೇಲೆ ಬೆರಳು ತೋರಿಸಿ ಹೇಳುತ್ತೇವೆ.

ತುಂಗಭದ್ರಾ_14:

ಅದು ಹೌದು. ಮೇಡಂ ಹೇಳಿದ ರೀತಿಯಲ್ಲಿ ಕಾಯುವವರನ್ನು ಬದಲಿಸುವುದಾದರೆ ಅವನು ಆಡಲೂಬಹುದು, ಉಳಿಯಲೂಬಹುದು. ನನ್ನ ಮಾತಿಗಿಂತ ಅದು ಮೇಲು.

ಕೋಟೆ_ಕಾವಲು:

ನೀವು ಹಾಗೆ ಬದಲಿಸಿದ್ದರೂ ನಾವು ಸ್ಕ್ರೀನ್ ಹಾಕಿ, ಅಂದರೆ ಕಾಯುವವನ ದಾರಿಗೆ ಅಡ್ಡ ನಿಂತು, ಬಿಡಿಸಿಕೊಳ್ಳುತ್ತಿದ್ದೆವು. ಅಂದು ಮಾಡಿದ್ದೂ ಅದನ್ನೇ. ನಿಮ್ಮ ಐವರಲ್ಲಿ ಅತಿ ಗಿಡ್ಡನಾದ ಹುಡುಗ ಯಾರನ್ನು ಕಾಯುತ್ತಿದ್ದನೋ ಅವನನ್ನೇ ಕರೆಸಿ ನಮ್ಮ ಒಳ್ಳೆಯ ಆಟಗಾರನಿಗೆ ಸ್ಕ್ರೀನ್ ಹಾಕಿಸುತ್ತಿದ್ದೆವು. ನೀವು ಪ್ರತಿ ಸಲವೂ ಸ್ವಿಚ್ ಮಾಡಿದಿರಿ, ಅಂದರೆ ಕಾಯುವವರನ್ನು ಅದಲುಬದಲು ಮಾಡಿದಿರಿ. ಆ ಪುಟ್ಟ ಹುಡುಗ ನಮ್ಮ ಒಳ್ಳೆಯವನ ಎದುರು ಒಬ್ಬನೇ ಸಿಕ್ಕಿಬಿದ್ದ. ನೋಡುತ್ತಿದ್ದ ನನಗೇ ಪಾಪ ಎನಿಸಿತು.

ಬೆಳಗಿನ_ಆರೂವರೆ:

ಇದು 2016ರಲ್ಲೂ 2018ರಲ್ಲೂ ಲೆಬ್ರಾನ್ ಅವರು ಗೋಲ್ಡನ್ ಸ್ಟೇಟ್‌ನ ಗಿಡ್ಡ ಎಸೆಗಾರ ಸ್ಟೆಫ್ ಕರಿಯನ್ನು ಹುಡುಕಿ ಹುಡುಕಿ ಎಳೆದ ರೀತಿಯೇ. ಅದಕ್ಕೆ ಎರಡು ಪರಿಹಾರಗಳನ್ನು ತಂಡಗಳು ಬಳಸುತ್ತವೆ. ಗಿಡ್ಡನು ಸ್ಕ್ರೀನಿನ ಹೊರಬದಿಗೆ ಒಂದು ಕ್ಷಣ ಹಾರಿ ಚೆಂಡಿನವನನ್ನು ತಡೆದು, ಜೊತೆಗಾರ ಹಿಂತಿರುಗಿದ ಕೂಡಲೇ ತನ್ನವನ ಬಳಿಗೆ ಓಡುವುದು ಒಂದು. ಸ್ಕ್ರೀನ್ ಹಾಕಲು ಎದುರಾಳಿ ಹೆಜ್ಜೆ ಇಟ್ಟಾಗಲೇ, ಚೆಂಡಿನಿಂದ ದೂರದಲ್ಲಿಯೇ, ಇಬ್ಬರು ರಕ್ಷಕರು ತಮ್ಮವರನ್ನು ಅದಲುಬದಲು ಮಾಡಿಕೊಂಡು ಗಿಡ್ಡನನ್ನು ಬಚಾವು ಮಾಡುವುದು ಇನ್ನೊಂದು. ಎರಡನೆಯದಕ್ಕೆ ಬಾಯಿ ಬೇಕು, ಅಂದರೆ ಐವರೂ ಕೂಗಿ ಮಾತನಾಡಬೇಕು. ನಮ್ಮ ಹುಡುಗರು ಅಂಗಳಕ್ಕೆ ಇಳಿದೊಡನೆ ಮೌನವ್ರತ ಹಿಡಿಯುತ್ತಾರೆ, ಪಂದ್ಯ ಮುಗಿದ ಮೇಲೆ ಬೆಣ್ಣೆದೋಸೆಯ ಮುಂದೆ ಬಾಯಿ ಬರುತ್ತದೆ.

ಬಿ_ಬ್ಲಾಕ್_ಬೆಂಚು:

ಎಡಗೈ ಅಕ್ಕನ ಮಾತಿನಂತೆ ವಿಡಿಯೊ ನೋಡಿದೆ. ಒಬ್ಬ ಹುಡುಗನ ತಂದೆ ಮೊಬೈಲಿನಲ್ಲಿ ತೆಗೆದದ್ದು. ಎರಡನೆಯ ಕ್ವಾರ್ಟರಿನಲ್ಲಿ ಅವರು ಮಂಡಕ್ಕಿ ತಿನ್ನಲು ಹೋದ ಕಾರಣ ಆ ಭಾಗವಿಲ್ಲ, ಪುಣ್ಯಕ್ಕೆ ದ್ವಿತೀಯಾರ್ಧ ಪೂರ್ತಿ ಇದೆ. ಅಂಕಪಟ್ಟಿಯಲ್ಲಿ ಯಾರು ಯಾವ ನಿಮಿಷದಲ್ಲಿ ಒಳಗೆ ಬಂದರು ಎಂಬುದು ಇರುವುದಿಲ್ಲವಾದ್ದರಿಂದ ವಿಡಿಯೊ ನೋಡಿಯೇ ಲೆಕ್ಕ ಹಾಕಿದೆ. ಗಿಡ್ಡ ಐವರು ಆಡಿದ್ದು ಒಟ್ಟು ಹದಿನೈದು ನಿಮಿಷ. ಮೊದಲ ನಾಲ್ಕು ನಿಮಿಷದಲ್ಲಿ ನಾವು 10, ಅವರು 3. ಉಳಿದ ಹನ್ನೊಂದು ನಿಮಿಷದಲ್ಲಿ ನಾವು 8, ಅವರು 26. ಸೆಂಟರ್ ಮರಳಿದ ಮೇಲಿನ ಐದು ನಿಮಿಷದಲ್ಲಿ 7-8. ಹನ್ನೆರಡು ಎಸೆತಗಳಲ್ಲಿ ತಪ್ಪಿದ ಹನ್ನೊಂದರ ಪೈಕಿ ಎಂಟು ರಿಂಗಿನ ಮುಂಭಾಗಕ್ಕೆ ಬಡಿದಿವೆ. ಅಕ್ಕ, ನೀವು ಗೆದ್ದಿರಿ.

ನನ್ನದೊಂದು ದೂರೂ ಇದೆ. ನಾಲ್ಕನೆಯ ಕ್ವಾರ್ಟರಿನಲ್ಲಿ ಏಳು ನಿಮಿಷ ಉಳಿದಿದ್ದಾಗಲೇ ಸೆಂಟರ್‌ನನ್ನು ಅಂಕ ಬರೆಯುವವರ ಮೇಜಿನ ಬಳಿಗೆ ಕಳುಹಿಸಿದ್ದೆ. ಅವನು ಅಲ್ಲೇ ಎರಡು ನಿಮಿಷ ನಿಂತ. ಅಷ್ಟರಲ್ಲಿ ಅವರು ಏಳು ಅಂಕ ಹಾಕಿದರು. ಎದುರಾಳಿ ಬುಟ್ಟಿಗೆ ಹಾಕಿದಾಗಲೂ ಮೇಜಿನವರು ಒಳಗೆ ಬಿಡಲಿಲ್ಲ.

ಹಳೆಯ_ಸೀಟಿ:

ಮೇಜಿನವರು ಮಾಡಿದ್ದು ಸರಿ. ಆಟಗಾರರನ್ನು ಬದಲಿಸಲು ಚೆಂಡು ಸತ್ತು ಗಡಿಯಾರವೂ ನಿಂತಿರಬೇಕು, ಇಲ್ಲವೇ ಕೊನೆಯ ಫ್ರೀ ಥ್ರೋ ಬುಟ್ಟಿಗೆ ಬಿದ್ದಿರಬೇಕು. ಆಟದ ನಡುವೆ ಬುಟ್ಟಿಗೆ ಬಿದ್ದಾಗ ಗಡಿಯಾರ ನಿಲ್ಲುವುದಿಲ್ಲ. ನಾಲ್ಕನೆಯ ಕ್ವಾರ್ಟರಿನ ಕೊನೆಯ ಎರಡು ನಿಮಿಷ ಮತ್ತು ಹೆಚ್ಚುವರಿ ಅವಧಿಯ ಕೊನೆಯ ಎರಡು ನಿಮಿಷಗಳಲ್ಲಿ ಮಾತ್ರ ಅಂಕ ಬಿಟ್ಟುಕೊಟ್ಟ ತಂಡಕ್ಕೆ ಆಗ ಬದಲಾವಣೆಯ ಅವಕಾಶವಿದೆ.

ಆದರೆ ಟೈಮ್ ಔಟ್ ಬೇರೆ. ಎದುರಾಳಿ ಬುಟ್ಟಿಗೆ ಹಾಕಿದಾಗ, ಪಂದ್ಯದ ಯಾವ ನಿಮಿಷದಲ್ಲಾದರೂ, ನೀವು ಮೊದಲೇ ಕೇಳಿಟ್ಟಿದ್ದರೆ ಅದು ಸಿಗುತ್ತದೆ. ಸಿಕ್ಕ ಮೇಲೆ ಆಟಗಾರರನ್ನೂ ಬದಲಿಸಬಹುದು. ದ್ವಿತೀಯಾರ್ಧಕ್ಕೆ ಮೂರು ಟೈಮ್ ಔಟ್ ಇರುತ್ತವೆ. ತಾವು ಎಷ್ಟನ್ನು ಬಳಸಿದಿರಿ?

ಬಿ_ಬ್ಲಾಕ್_ಬೆಂಚು:

ಒಂದು. ಅದೂ ಕೊನೆಯ ನಿಮಿಷದಲ್ಲಿ.

ಮಂಡಕ್ಕಿ_ಮೆಣಸಿನಕಾಯಿ:

ಉಳಿದ ಎರಡನ್ನು ದಾವಣಗೆರೆಗೆ ಪಾರ್ಸೆಲ್ ತಂದರೇ?

ಕಬಡ್ಡಿ_ಕಾರ್ನರ್:

ಬಡ್ಡಿ ಸಮೇತ ಮುಂದಿನ ಪಂದ್ಯಕ್ಕೆ ಸಿಗುತ್ತವೆ ಎಂದುಕೊಂಡಿರಬೇಕು.

ಬೆಳಗಿನ_ಆರೂವರೆ:

ನಗುವುದು ಸಾಕು, ಒಂದು ಗಂಭೀರ ಆಕ್ಷೇಪವಿದೆ. ಹದಿನೈದು ನಿಮಿಷದ ಲೆಕ್ಕದಿಂದ ಗಿಡ್ಡ ಐವರು ಒಳ್ಳೆಯವರೋ ಕೆಟ್ಟವರೋ ಎಂದು ತೀರ್ಮಾನಿಸಲಾಗದು. ಆ ಹನ್ನೆರಡರಲ್ಲಿ ನಾಲ್ಕು ಬಿದ್ದಿದ್ದರೆ ಪಂದ್ಯ ಗೆಲ್ಲುತ್ತಿದ್ದಿರಿ, ಆಗ ಇಲ್ಲಿ ಎಲ್ಲರೂ ತಮ್ಮನ್ನು ಚಾಣಕ್ಯ ಎನ್ನುತ್ತಿದ್ದರು. ಎನ್‌ಬಿಎಯಲ್ಲೇ ಎರಡೂ ಬಗೆಯ ಉದಾಹರಣೆಗಳಿವೆ. 2020ರಲ್ಲಿ ಹ್ಯೂಸ್ಟನ್ ತನ್ನ ಸೆಂಟರ್ ಕಪೇಲಾನನ್ನೇ ಬೇರೆ ತಂಡಕ್ಕೆ ಕೊಟ್ಟು, ಆರು ಅಡಿ ಐದು ಅಂಗುಲದ ಪಿ.ಜೆ. ಟಕರ್‌ನನ್ನು ಆ ಜಾಗದಲ್ಲಿ ನಿಲ್ಲಿಸಿತು. ಪ್ಲೇ ಆಫ್‌ನಲ್ಲಿ ಅವರೆದುರು ಲೇಕರ್ಸ್ ಮೊದಲ ಪಂದ್ಯ ಸೋತರು. ಅನಂತರ ತಮ್ಮ ದೊಡ್ಡ ಸೆಂಟರ್‌ಗಳ ನಿಮಿಷ ಕತ್ತರಿಸಿ, ಎತ್ತರವೂ ವೇಗವೂ ಇದ್ದ ಆಂಥೊನಿ ಡೇವಿಸ್‌ನನ್ನು ನಡುವೆ ನಿಲ್ಲಿಸಿ ಸತತ ನಾಲ್ಕು ಗೆದ್ದರು. ಮರುವರ್ಷ ಟೈ ಲೂ ಅವರ ಕ್ಲಿಪ್ಪರ್ಸ್ ಯೂಟಾ ಎದುರು 0-2ರಿಂದ ಹಿಂದಿದ್ದು, ಸೆಂಟರ್ ಇಲ್ಲದ ಐವರನ್ನು ಇಳಿಸಿ 4-2ರಿಂದ ಗೆದ್ದರು. ಆರನೆಯ ಪಂದ್ಯದಲ್ಲಿ 25 ಅಂಕ ಹಿಂದಿದ್ದವರು ತಿರುಗಿ ಬಂದರು. ಯೂಟಾದ ಸೆಂಟರ್ ಗೊಬೇರ್ ರಿಂಗ್ ಕಾಯುತ್ತಾ ನಿಂತಷ್ಟೂ ಕ್ಲಿಪ್ಪರ್ಸ್‌ನ ಟೆರೆನ್ಸ್ ಮ್ಯಾನ್ ಮೂಲೆಯಿಂದ ಎಸೆದು 39 ಅಂಕ ಹಾಕಿದ. ಒಂದೇ ಉಪಾಯ, ಎದುರಾಳಿ ಬೇರೆ, ಫಲಿತಾಂಶ ಬೇರೆ.

ತುಂಗಭದ್ರಾ_14:

ಎನ್‌ಬಿಎ ಬಿಟ್ಟು ನಮ್ಮ ದೇಶದ ಕಡೆಗೂ ಸ್ವಲ್ಪ ನೋಡಿ. 2014ರ ಏಷ್ಯಾ ಕಪ್‌ನಲ್ಲಿ ಭಾರತವು ವೂಹಾನ್‌ನಲ್ಲಿ, ಅವರದೇ ಅಂಗಳದಲ್ಲಿ, ಚೀನಾವನ್ನು 65-58ರಿಂದ ಸೋಲಿಸಿತು. ಆ ಅಂಕಗಳನ್ನು ನೋಡಿದರೆ ಸಾಕು, ಓಡಿ ಎಸೆದು ಗೆದ್ದ ಪಂದ್ಯ ಅದಲ್ಲ ಎಂಬುದು ತಿಳಿಯುತ್ತದೆ. ಗಟ್ಟಿ ರಕ್ಷಣೆಗೆ ಬದಲಿಯಿಲ್ಲ.

ಎಡಗೈ_ಗಾರ್ಡ್:

2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಮ್ಮ ಮಹಿಳಾ ತಂಡ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಮೇಲಿನ ವಿಭಾಗಕ್ಕೆ ಏರಿದ್ದನ್ನೂ ಸೇರಿಸಿಕೊಳ್ಳಿ. ಪುರುಷರ ಪಂದ್ಯ ಮಾತ್ರ ನೆನಪಾಗುವುದು ಏಕೋ?

ತುಂಗಭದ್ರಾ_14:

ತಪ್ಪಾಯಿತು ಮೇಡಂ, ಸೇರಿಸಿಕೊಂಡೆ.

ಬಿ_ಬ್ಲಾಕ್_ಬೆಂಚು:

ಎರಡು ವಾರದ ನಂತರ ದುರ್ಗದವರು ಇಲ್ಲಿಗೆ ಬರುತ್ತಾರೆ. ಅವರ ಒಬ್ಬ ಹುಡುಗನೇ ನಮ್ಮ ಮೇಲೆ 27 ಹಾಕಿದ್ದಾನೆ. 2019ರ ಎನ್‌ಬಿಎ ಫೈನಲ್ಸ್‌ನಲ್ಲಿ ಟೊರಾಂಟೊ ತಂಡವು ಕರಿಯ ಮೇಲೆ ಬಳಸಿದ ಬಾಕ್ಸ್ ಅಂಡ್ ಒನ್ ಅನ್ನು, ಅಂದರೆ ಒಬ್ಬನು ಅವನನ್ನು ನೆರಳಿನಂತೆ ಹಿಂಬಾಲಿಸಿ ಉಳಿದ ನಾಲ್ವರು ಚೌಕಾಕಾರದ ಝೋನ್ ನಿಲ್ಲುವುದನ್ನು, ನಾವೂ ಪ್ರಯತ್ನಿಸಬಹುದೇ?

ಬೆಳಗಿನ_ಆರೂವರೆ:

ಮತ್ತೆ ಟಿವಿ! ಟೊರಾಂಟೊ ಅದನ್ನು ಬಳಸಿದ್ದು ಎರಡನೆಯ ಪಂದ್ಯದ ಕೊನೆಯಲ್ಲಿ, ಕ್ಲೇ ಥಾಮ್ಸನ್ ಗಾಯಗೊಂಡು ಹೊರಗೆ ಹೋದ ಮೇಲೆ. ಡ್ಯುರಾಂಟ್ ಮೊದಲೇ ಇರಲಿಲ್ಲ. ಉಳಿದ ನಾಲ್ವರಲ್ಲಿ ಎಸೆಯಬಲ್ಲವರು ಇಲ್ಲದಾಗ ಅದು ಕೆಲಸ ಮಾಡುತ್ತದೆ. ಹಾಗೆ ನೋಡಿದರೆ ಆ ಪಂದ್ಯವನ್ನು ಗೆದ್ದದ್ದು ಗೋಲ್ಡನ್ ಸ್ಟೇಟ್. ದುರ್ಗದ ಉಳಿದ ನಾಲ್ವರು ಹೇಗೆ ಎಸೆಯುತ್ತಾರೆ?

ಕೋಟೆ_ಕಾವಲು:

ಇದಕ್ಕೆ ನಾನು ಉತ್ತರ ಕೊಡುವುದಿಲ್ಲ.

ಆದರೆ ಗೆದ್ದವರ ಕಡೆಯಿಂದ ಒಂದು ಸತ್ಯ ಹೇಳಿಬಿಡುತ್ತೇನೆ, ಹೇಗೂ ನೆರೆಯವರು. 1997ರವರೆಗೂ ಒಂದೇ ಜಿಲ್ಲೆಯಲ್ಲಿದ್ದವರು. ನಿಮ್ಮ ಗಿಡ್ಡ ಐವರು ಇಳಿದಾಗ ನಮ್ಮ ಬೆಂಚು ಹೆದರಿದ್ದು ತ್ರೀ ಪಾಯಿಂಟರ್‌ಗೆ ಅಲ್ಲ. ಇಡೀ ಅಂಗಳದಲ್ಲಿ ಪ್ರೆಸ್ ಮಾಡುತ್ತೀರಿ, ಅಂದರೆ ಆ ತುದಿಯಿಂದಲೇ ಮೈಮೇಲೆ ಬಿದ್ದು ತಡೆಯುತ್ತೀರಿ ಎಂದು ಹೆದರಿದ್ದೆವು. ನಮ್ಮ ಸೆಂಟರ್ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ನೀವು ಎರಡು ಬುಟ್ಟಿ ಹಾಕಬಹುದಿತ್ತು. ಎಂಟು ಸೆಕೆಂಡಿನಲ್ಲಿ ಚೆಂಡನ್ನು ಅರ್ಧ ದಾಟಿಸಲು ನಮ್ಮ ಗಾರ್ಡ್‌ಗಳಿಗೆ ಅಂದು ಕೈ ನಡುಗುತ್ತಿತ್ತು. ಮೊದಲ ನಾಲ್ಕು ನಿಮಿಷ ನೀವು ಮಾಡಿದ್ದೂ ಅದೇ, ಓಡಿದಿರಿ. ಹನ್ನೆರಡು ಅಂಕ ಮುಂದಾದ ಮೇಲೆ ನಿಧಾನವಾದಿರಿ. ಚೆಂಡನ್ನು ಹಿಡಿದು ನಿಂತು, ನಮ್ಮ ದೊಡ್ಡವನು ಬಂದು ಝೋನಿನಲ್ಲಿ ನಿಲ್ಲುವವರೆಗೂ ಕಾದು, ಆಮೇಲೆ ಎಸೆದಿರಿ. ಓಡದ ಗಿಡ್ಡರು ನಮಗೆ ಬರೀ ಗಿಡ್ಡರಾಗಿ ಕಂಡರು.

ಎಡಗೈ_ಗಾರ್ಡ್:

ಇಷ್ಟು ಹೊತ್ತಿನ ಚರ್ಚೆಯಲ್ಲಿ ನನಗೆ ಅತ್ಯಂತ ಒಪ್ಪಿಗೆಯಾದ ಮಾತು ಎದುರಾಳಿಯ ಕಡೆಯಿಂದ ಬಂದಿದೆ. ಬೆಂಚಿನವರೇ, ಹದಿನೈದು ನಿಮಿಷ ಒಂದೇ ಐವರನ್ನು ಓಡಿಸಲಾಗುವುದಿಲ್ಲ. ಸೆಂಟರ್ ಇರುವ ಐವರು, ಇಲ್ಲದ ಐವರು ಎಂದು ಮೂರು ನಾಲ್ಕು ನಿಮಿಷಕ್ಕೊಮ್ಮೆ ಬದಲಿಸಿ. ಗಿಡ್ಡರು ಇದ್ದಷ್ಟು ಹೊತ್ತೂ ಪ್ರೆಸ್ ಮಾಡಲಿ, ಉಸಿರು ಕಟ್ಟಿದ ಕೂಡಲೇ ಹೊರಗೆ ಬರಲಿ.

ಬಿ_ಬ್ಲಾಕ್_ಬೆಂಚು:

ಬರೆದುಕೊಂಡಿದ್ದೇನೆ ಅಕ್ಕ. ನಾಳೆ ಬೆಳಿಗ್ಗೆ ಐದೂವರೆಗೆ ಹುಡುಗರನ್ನು ಕರೆದಿದ್ದೇನೆ. ಮೊದಲ ಅರ್ಧ ಗಂಟೆ ಎಸೆತವಿಲ್ಲ, ಬೆನ್ನು ಕೊಟ್ಟು ನಿಲ್ಲುವುದು ಮಾತ್ರ. ಕೊನೆಗೆ ತಲಾ ಇಪ್ಪತ್ತು ಫ್ರೀ ಥ್ರೋ.

ಮಂಡಕ್ಕಿ_ಮೆಣಸಿನಕಾಯಿ:

ಕೊನೆಯ ಸಾಲಿಗಾಗಿ ನಾನು ಇಷ್ಟು ಹೊತ್ತು ಕಾದೆ.

ಕೋಟೆ_ಕಾವಲು:

ಸಂತೋಷ. ಹಾಗಾದರೆ ಎರಡು ವಾರದ ನಂತರ ಮೊದಲ ಐವರು ಯಾರು ಅಣ್ಣ? ಸೆಂಟರ್ ಇರುತ್ತಾನೋ, ಇಲ್ಲವೋ?

ಬೆಳಗಿನ_ಆರೂವರೆ:

ಉತ್ತರಿಸುವ ಮೊದಲು ಒಂದು ವಿಷಯ ತಿಳಿದಿರಲಿ. 2015ರ ಆ ನಾಲ್ಕನೆಯ ಪಂದ್ಯಕ್ಕೆ ಮುಂಚೆ ಪತ್ರಕರ್ತರು ಇದೇ ಪ್ರಶ್ನೆ ಕೇಳಿದಾಗ ಸ್ಟೀವ್ ಕರ್ ಅವರು ಯಾವ ಬದಲಾವಣೆಯೂ ಇಲ್ಲ ಎಂದಿದ್ದರು. ಸುಳ್ಳು ಹೇಳಿದೆನೆಂದು ಪಂದ್ಯದ ನಂತರ ತಾವೇ ಒಪ್ಪಿಕೊಂಡರು.

ಬಿ_ಬ್ಲಾಕ್_ಬೆಂಚು:

ಕಾವಲು ತಮ್ಮ, ಯಾವ ಬದಲಾವಣೆಯೂ ಇಲ್ಲ. ಅದೇ ಐವರು.